ಈ ಕೋವಿಗೆ ಎಷ್ಟು ಮದ್ದು?

ಕೊಡಗಿನಲ್ಲಿ ಕೋವಿಗೆ ಪೂಜೆ ಮಾಡುವ ಹಬ್ಬ ಕೈಲ್ ಮುಹೂರ್ತಕ್ಕೆ ಇನ್ನೆರಡು ದಿನ ಇತ್ತು. ನಮ್ಮ ಕುಟುಂಬದ ಮೂಲಮನೆಯಾದ ಐನ್‌ಮನೆಯ ಜಗಲಿಯಲ್ಲಿ ಹಳೇ ಗೋಣಿ ಹಾಸಿ, ಕೋವಿಗಳನ್ನೆಲ್ಲ ಹರಡಿಕೊಂಡು ಕೂತಿದ್ದೆವು. ಹೊರಗೆ ಮಳೆ ಬಿಟ್ಟೂ ಬಿಡದ ಹಾಗೆ ಜಿನುಗುತ್ತಿತ್ತು. ಪಿಯುಸಿ ಓದುವ ಅಣ್ಣನ ಮಗ ಮೂಲೆಯಲ್ಲಿದ್ದ ಉದ್ದನೆಯ ಕೇಪಿನ ಕೋವಿ (ಬಡಿದರೆ ಸಿಡಿದು ಮದ್ದಿಗೆ ಕಿಡಿ ಕೊಡುವ ಸಣ್ಣ ಟೋಪಿಯೇ ಕೇಪು) ಎತ್ತಿಕೊಂಡು ಕೇಳಿದ: "ಕುಂಞಪ್ಪ, ಇದಕ್ಕೆ ಎಷ್ಟು ಮದ್ದು ಹಾಕಬೇಕು?"

"ಗೊತ್ತಿಲ್ಲ" ಅಂದೆ.

ಅವನಿಗೆ ನಿರಾಸೆಯಾಯಿತು. ಕೆಲಸದ ಮೇಲೆ ಅಮೆರಿಕದ ಪೆನ್ಸಿಲ್ವೇನಿಯದಲ್ಲಿ ಆರು ವರ್ಷ ಇದ್ದವನು ನಾನು. ಶನಿವಾರ ಬಂದರೆ ಗೆಳೆಯರ ಜೊತೆ ಇಂಥ ಕೋವಿಗಳ ರೇಂಜಿನಲ್ಲೇ ಬಿದ್ದಿರುತ್ತಿದ್ದೆ ಅಂತ ಅವನಿಗೆ ಗೊತ್ತು. ಆದರೂ ನಾನು ಕೊಟ್ಟ ಉತ್ತರವೇ ಸರಿ. ಮೂತಿಯಿಂದ ತುಂಬುವ ಕೋವಿಯನ್ನು ಕಣ್ಣಲ್ಲಿ ನೋಡಿ ಇಂತಿಷ್ಟು ಮದ್ದು ಅಂತ ಯಾರೂ ಹೇಳಲಾಗದು. ತೋಟಾ ಕೋವಿಯಾದರೆ ಮದ್ದು, ಗುಂಡು, ಕೇಪು ಎಲ್ಲವನ್ನೂ ಕಾರ್ಖಾನೆಯವರೇ ಅಳೆದು ಕಟ್ಟಿ ಕೊಟ್ಟಿರುತ್ತಾರೆ. ಇಲ್ಲಿ ಪ್ರತಿ ಸಲವೂ ತೋಟಾವನ್ನು ನಳಿಗೆಯ ಒಳಗೆ ನೀವೇ ಕಟ್ಟಬೇಕು. ನಮ್ಮ ಕಡೆ ಇದಕ್ಕೆ 'ಈಡು' ಅನ್ನುತ್ತಾರೆ. ಪ್ರತಿ ಕೋವಿಗೂ ಒಪ್ಪುವ ಈಡು ಬೇರೆ. ಅದನ್ನು ಹುಡುಕಿಯೇ ತಿಳಿಯಬೇಕು.

ಹೇಗೆ ಹುಡುಕುತ್ತಾರೆ ಅಂತ ಅವನಿಗೆ ಎರಡು ಸಂಜೆ ಕೂತು ಹೇಳಿದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು. ನಮ್ಮಲ್ಲಿ ಶಿಕಾರಿಯ ಕಾಲ 1972ರ ವನ್ಯಜೀವಿ ಕಾಯ್ದೆಯೊಂದಿಗೆ ಮುಗಿಯಿತು. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ (ಕೊಡಗಿನ ವಂಶಪಾರಂಪರ್ಯದ ಜಮೀನು ಇರುವವರಿಗೆ) ಕೋವಿಯ ಲೈಸೆನ್ಸಿನಿಂದ ವಿನಾಯಿತಿ ಇದೆ. 1861ರಲ್ಲಿ ಬ್ರಿಟಿಷರ ಕಾಲದಲ್ಲಿ ಶುರುವಾದದ್ದು, ಈಗ 2029ರ ಅಕ್ಟೋಬರ್‌ವರೆಗೆ ಮುಂದುವರಿದಿದೆ. ಆದರೆ ಅದು ಕೋವಿ ಇಟ್ಟುಕೊಳ್ಳುವುದಕ್ಕೆ ಸಿಕ್ಕ ವಿನಾಯಿತಿ, ಬೇಟೆಗಲ್ಲ. ನಮ್ಮ ಕೋವಿಗೆ ಉಳಿದಿರುವ ಕೆಲಸ ಕೈಲ್ ಮುಹೂರ್ತದ ಪೂಜೆ, ಸುಗ್ಗಿ ಹಬ್ಬವಾದ ಪುತ್ತರಿಯ ರಾತ್ರಿ ಕದಿರು ತೆಗೆದಾಗ ಹಾರಿಸುವ ಗುಂಡು, ಹುಟ್ಟು ಸಾವಿಗೆ ಹಾರಿಸುವ ಗುಂಡು, ಮತ್ತೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ. ಈ ಬಗೆಯ ಕೋವಿಯಲ್ಲಿ ಈಗಲೂ ಕಾನೂನಿನ ಒಳಗೇ ಬೇಟೆಯಾಡುವವರು ಅಮೆರಿಕದಂಥ ದೇಶಗಳಲ್ಲಿದ್ದಾರೆ. ಪೆನ್ಸಿಲ್ವೇನಿಯದಲ್ಲಿ ಕ್ರಿಸ್ಮಸ್ ಕಳೆದ ಮೇಲೆ ಚಕಮಕಿ ಕಲ್ಲಿನ ಕೋವಿಗೆಂದೇ ಜಿಂಕೆ ಬೇಟೆಯ ಒಂದು ಸೀಸನ್ ಇದೆ. ಮುಂದೆ ಹೇಳುವ ಲೆಕ್ಕವೆಲ್ಲ ಹೆಚ್ಚಾಗಿ ಅಲ್ಲಿಯ ರೈಫಲ್‌ಗಳದ್ದು. ಇದನ್ನು ಓದಿಕೊಂಡು ಅಟ್ಟದ ಮೇಲಿನ ಮುತ್ತಜ್ಜನ ಕೋವಿಗೆ ಮದ್ದು ತುಂಬಲು ಹೋಗಬೇಡಿ. ಒಳಗೆ ತುಕ್ಕು ತಿಂದು ನಳಿಗೆ ಎಷ್ಟು ತೆಳ್ಳಗಾಗಿದೆ ಅಂತ ಹೊರಗಿಂದ ಕಾಣುವುದಿಲ್ಲ. ಬಲ್ಲ ಕೋವಿ ರಿಪೇರಿಯವರು ನೋಡಿ ಹೇಳಬೇಕು.

ಮದ್ದು: ಕಾಫಿಪುಡಿಯ ಹಾಗೆ

ಇಂಥ ಕೋವಿಗೆ ಹಾಕುವುದು ಕರಿಮದ್ದು. ಅದನ್ನು ಅಳೆಯುವ ಲೆಕ್ಕ 'ಗ್ರೇನ್'. ಅಂದರೆ ಮದ್ದಿನ ಇಷ್ಟು ಕಾಳು ಅಂತ ತುಂಬಾ ಜನ ತಿಳಿದುಕೊಳ್ಳುತ್ತಾರೆ. ಹಾಗಲ್ಲ, ಅದು ತೂಕ. ಒಂದು ಪೌಂಡಿಗೆ 7000 ಗ್ರೇನ್, ಒಂದು ಗ್ರಾಮಿಗೆ ಹದಿನೈದೂವರೆಗೆ ಸ್ವಲ್ಪ ಕಮ್ಮಿ. 50 ಗ್ರೇನ್ ಅಂದರೆ ಮೂರು ಗ್ರಾಮಿಗೆ ಚೂರು ಜಾಸ್ತಿ. ಟೀ ಚಮಚವೂ ತುಂಬದು.

ಹೆಸರು ತೂಕದ್ದಾದರೂ ಅಳೆಯುವುದು ಮಾತ್ರ ಪಾತ್ರೆಯಲ್ಲಿ. ಹಿತ್ತಾಳೆಯದೋ ಕೊಂಬಿನದೋ ಒಂದು ಸಣ್ಣ ಅಳತೆ ಕೊಳವೆ ಇರುತ್ತದೆ. ಕರಿಮದ್ದಿನ ಬದಲಿಗೆ ಬಳಸುವ ಪೈರೋಡೆಕ್ಸ್‌ನಂಥವು ತೂಕದಲ್ಲಿ ಹಗುರ. ಅವನ್ನೂ ಅದೇ ಕೊಳವೆಯಲ್ಲಿ ಕರಿಮದ್ದಿನಷ್ಟೇ ಅಳೆಯುತ್ತಾರೆ. ಅದನ್ನು ಬಿಟ್ಟು ತಕ್ಕಡಿಗೆ ಹಾಕಿ 'ತೂಕ ಸರಿಮಾಡುತ್ತೇನೆ' ಅಂತ ಹೊರಟರೆ ಈಡು ಜಾಸ್ತಿಯಾಗಿಬಿಡುತ್ತದೆ.

ಮನೆಯಲ್ಲಿ ಪಾವಿನಲ್ಲಿ ಅಕ್ಕಿ ಅಳೆದವರಿಗೆ ಇದರ ಗುಟ್ಟು ಬೇಗ ಗೊತ್ತಾಗುತ್ತದೆ. ಸುಮ್ನೆ ಸುರಿದು ಗೀರಿದ ಪಾವು ಬೇರೆ, ತಟ್ಟಿ ತಟ್ಟಿ ತುಂಬಿದ ಪಾವು ಬೇರೆ. ಕೊಳವೆಯನ್ನು ಒಮ್ಮೆ ತಟ್ಟಿ, ಇನ್ನೊಮ್ಮೆ ತಟ್ಟದೆ ತುಂಬಿದರೆ ಎರಡು ಈಡು ಒಂದೇ ಆಗುವುದಿಲ್ಲ. ತಟ್ಟುವುದಾದರೆ ಪ್ರತಿ ಸಲ ತಟ್ಟಬೇಕು, ಅದೂ ಅಷ್ಟೇ ಸಲ. ಮದ್ದಿನ ಡಬ್ಬಿಯಿಂದ ನೇರವಾಗಿ ನಳಿಗೆಗೆ ಯಾವತ್ತೂ ಸುರಿಯಬಾರದು. ಹಿಂದಿನ ಈಡಿನ ಕಿಡಿ ಒಳಗೆ ಉಳಿದಿದ್ದರೆ ಕೈಯಲ್ಲಿರುವ ಡಬ್ಬಿಯೇ ಹಾರಿಹೋಗುತ್ತದೆ.

ಇನ್ನು ಮದ್ದಿನ ಕಾಳಿನ ಗಾತ್ರ. ಫಿಲ್ಟರಿಗೆ ತರಿತರಿ ಪುಡಿ ಹಾಕಿದರೆ ಡಿಕಾಕ್ಷನ್ ಸರ್ರಂತ ಇಳಿಯುತ್ತದೆ, ನುಣ್ಣಗಿದ್ದರೆ ತಡೆಯುತ್ತದೆ, ಅಲ್ವಾ? ಮದ್ದಿನಲ್ಲಿ ಇದು ಉಲ್ಟಾ. ನುಣ್ಣಗಿದ್ದಷ್ಟೂ ಬೇಗ ಉರಿಯುತ್ತದೆ, ನಳಿಗೆಯ ಮೇಲೆ ಒತ್ತಡ ಜಾಸ್ತಿ. ಕಾಳಿನ ಗಾತ್ರವನ್ನು ಎಫ್ ಅಕ್ಷರಗಳಲ್ಲಿ ಗುರುತಿಸುತ್ತಾರೆ. ಎರಡು ಎಫ್ ಸ್ವಲ್ಪ ದಪ್ಪ, ಮೂರು ಎಫ್ ಸಣ್ಣದು, ನಾಲ್ಕು ಎಫ್ ಚಕಮಕಿ ಕೋವಿಯ ಕಿವಿಗೆ, ಅಂದರೆ ಕಿಡಿ ಬೀಳುವ ಪಕ್ಕದ ಬಟ್ಟಲಿಗೆ, ಹಾಕುವ ನುಣುಪು ಪುಡಿ. ಅರ್ಧ ಇಂಚು ಮತ್ತು ಅದಕ್ಕಿಂತ ದೊಡ್ಡ ಬಾಯಿಯ ರೈಫಲ್‌ಗೆ ಎರಡು ಎಫ್, ಅದಕ್ಕಿಂತ ಸಣ್ಣದಕ್ಕೆ ಮೂರು ಎಫ್ ಅನ್ನುವುದು ರೂಢಿ. ಎರಡು ಎಫ್‌ನಿಂದ ಮೂರು ಎಫ್‌ಗೆ ಬದಲಾಯಿಸಿದರೆ ಅಳತೆಯನ್ನು ತಗ್ಗಿಸಿಯೇ ಮತ್ತೆ ಶುರುಮಾಡಬೇಕು.

ಇದೆಲ್ಲ ಕರಿಮದ್ದಿನ ಮಾತು. ಹೊಗೆಯಿಲ್ಲದ ನೈಟ್ರೋ ಮದ್ದು, ಅಂದರೆ ಈಗಿನ ತೋಟಾದ ಒಳಗಿರುವುದು, ಮೂತಿಯಿಂದ ತುಂಬುವ ಹಳೇ ಕೋವಿಗೆ ಒಂದು ಚಿಟಿಕೆಯೂ ಬೇಡ. ತೋಟಾ ಒಡೆದು ಅದರ ಮದ್ದನ್ನು ಕೇಪಿನ ಕೋವಿಗೆ ಸುರಿದರೆ ನಳಿಗೆ ಸೀಳುತ್ತದೆ, ಜೊತೆಗೆ ಹಿಡಿದವನ ಬೆರಳೂ ಹೋಗುತ್ತದೆ. ಮದ್ದನ್ನು ಮನೆಯಲ್ಲಿ ಅರೆಯುವುದು ಕಾನೂನಿಗೂ ವಿರುದ್ಧ, ಬುದ್ಧಿಗೂ ವಿರುದ್ಧ.

ಗುಂಡು, ಬಟ್ಟೆ, ಗೀರು

ಮದ್ದು ತಳ್ಳುತ್ತದೆ, ಅಷ್ಟೇ. ಗುಂಡನ್ನು ನೆಟ್ಟಗೆ ಕಳಿಸುವುದು ನಳಿಗೆಯ ಒಳಗಿನ ಸುರುಳಿ ಗೀರು. ಅದಿದ್ದರೆ ರೈಫಲ್. ಕೊಡಗಿನ ಹಳೇ ಕೇಪಿನ ಕೋವಿಗಳಲ್ಲಿ ಹೆಚ್ಚಿನವು ಒಳಗೆ ನುಣ್ಣಗಿರುತ್ತವೆ, ಗೀರು ಇರುವುದಿಲ್ಲ. ಚರೆಗೂ ಒಂಟಿ ಗುಂಡಿಗೂ ಅದೇ ನಳಿಗೆ. ಮದ್ದಿನ ಮೇಲೆ ತೆಂಗಿನ ಕತ್ತ ತುರುಕಿ, ಗುಂಡು ಹಾಕಿ, ಮತ್ತೆ ಕತ್ತ ತುರುಕುತ್ತಿದ್ದರು. ಹತ್ತಿರದ ಗುರಿಗೆ ಅಷ್ಟು ಸಾಕಾಗುತ್ತಿತ್ತು.

ರೈಫಲ್‌ನಲ್ಲಿ ಉರುಟು ಗುಂಡು ನಳಿಗೆಯ ಬಾಯಿಗಿಂತ ಸ್ವಲ್ಪ ಚಿಕ್ಕದಿರಬೇಕು. ಅರ್ಧ ಇಂಚಿನ ಬಾಯಿ ಅಂದರೆ 12.7 ಮಿಲಿಮೀಟರ್. ಅದಕ್ಕೆ ಸಾಮಾನ್ಯವಾಗಿ ಹಾಕುವ ಗುಂಡು 12.45 ಮಿಲಿಮೀಟರ್, ತೂಕ ಸುಮಾರು 177 ಗ್ರೇನ್. ಉಳಿದ ಸಂದನ್ನು ತುಂಬುವುದು ಎಣ್ಣೆ ಅಥವಾ ಕೊಬ್ಬು ಸವರಿದ ಒಂದು ತುಂಡು ಹತ್ತಿ ಬಟ್ಟೆ. ದಪ್ಪ ಮಿಲಿಮೀಟರಿನ ಮೂರನೇ ಒಂದು ಭಾಗಕ್ಕಿಂತ ಚೂರು ಜಾಸ್ತಿ. ಗೀರನ್ನು ಕಚ್ಚಿಹಿಡಿದು ಗುಂಡನ್ನು ತಿರುಗಿಸುವುದು ಈ ಬಟ್ಟೆ. ಸೀಸ ಗೀರನ್ನು ಮುಟ್ಟುವುದೇ ಇಲ್ಲ. ನನ್ನ ಪ್ರಕಾರ ಇಡೀ ಈಡಿನಲ್ಲಿ ಜನ ತೀರ ಅಸಡ್ಡೆ ಮಾಡುವುದೂ ಇದನ್ನೇ, ಗುರಿ ತೀರ ಹಾಳಾಗುವುದೂ ಇದರಿಂದಲೇ. ಹಳೇ ಟೀ ಶರ್ಟ್ ಕತ್ತರಿಸಿ ತಂದವರನ್ನು ನೋಡಿದ್ದೇನೆ. ಎಳೆದರೆ ಹಿಗ್ಗುವ ಬಟ್ಟೆ ಇದಕ್ಕೆ ಬರುವುದಿಲ್ಲ. ಒತ್ತಾಗಿ ನೇಯ್ದ, ಗಂಜಿ ತೊಳೆದು ತೆಗೆದ ಹತ್ತಿ ಬಟ್ಟೆಯೇ ಆಗಬೇಕು.

ಗುಂಡಿನ ಸೀಸ ಮೆತ್ತಗಿರಬೇಕು. ಉಗುರಲ್ಲಿ ಗೀರಿದರೆ ಗುರುತು ಬೀಳಬೇಕು. ಎರಕ ಹೊಯ್ದ ಗುಂಡುಗಳನ್ನು ತೂಗಿ ನೋಡಿದರೆ ಒಂದೆರಡು ಹಗುರ ಸಿಕ್ಕೇ ಸಿಗುತ್ತವೆ. ಅವುಗಳ ಹೊಟ್ಟೆಯಲ್ಲಿ ಗಾಳಿಗುಳ್ಳೆ ಕೂತಿರುತ್ತದೆ. ಕರಗಿಸಲು ವಾಪಸ್ ಹಾಕಬೇಕು.

ಗೀರು ಎಷ್ಟು ಬೇಗ ತಿರುಗುತ್ತದೆ ಅನ್ನುವುದು ಯಾವ ಗುಂಡು ಹಾಕಬೇಕು ಅಂತ ಹೇಳುತ್ತದೆ. 60ರಿಂದ 70 ಇಂಚಿಗೆ ಒಂದು ಸುತ್ತು ಬರುವ ನಿಧಾನದ ಗೀರು ಬಟ್ಟೆ ಸುತ್ತಿದ ಉರುಟು ಗುಂಡಿಗೆ. 28 ಇಂಚಿಗೇ ಒಂದು ಸುತ್ತು ಬಂದರೆ ಅದು ಉದ್ದನೆಯ ಗುಂಡಿಗೆ. ಬುಗುರಿ ನೆನೆಸಿಕೊಳ್ಳಿ. ಉದ್ದ ಜಾಸ್ತಿಯಾದಷ್ಟೂ ನೆಟ್ಟಗೆ ನಿಲ್ಲಲು ಜೋರಾಗಿ ತಿರುಗಬೇಕು. 48 ಇಂಚಿನದು ಎರಡಕ್ಕೂ ಹೊಂದಿಸಿಕೊಳ್ಳುವ ರಾಜಿ. ಯಾವುದಕ್ಕೂ ಪೂರ್ತಿ ಒಪ್ಪುವುದಿಲ್ಲ ಅಂತ ಗೊಣಗುವವರೂ ಇದ್ದಾರೆ.

ತಿರುಗಿಸುವ ಗೀರು ಚುರುಕಾಗಿದ್ದು ಮದ್ದೂ ಜಾಸ್ತಿಯಾದರೆ, ಉರುಟು ಗುಂಡು ಗೀರಿನ ಹಿಡಿತ ತಪ್ಪಿ ಜಾರಿಕೊಂಡು ನೇರ ನುಗ್ಗುತ್ತದೆ. ಇದನ್ನು ಗಟ್ಟಿಯಾಗಿ ಹೇಳಿದವನು 1860ರ ದಶಕದಲ್ಲಿ ಮಧ್ಯ ಭಾರತದ ಕಾಡುಗಳಲ್ಲಿ ತಿರುಗಿದ ಬ್ರಿಟಿಷ್ ಅಧಿಕಾರಿ ಜೇಮ್ಸ್ ಫಾರ್ಸಿತ್. ಅವನು 14 ಬೋರಿನ ರೈಫಲ್‌ಗೆ 104 ಇಂಚಿಗೆ ಒಂದೇ ಸುತ್ತು ಸಾಕು ಅಂದ. ಹಾಗಾದರೆ ದಪ್ಪ ಗುಂಡಿನ ಹಿಂದೆ ಮದ್ದು ಜಾಸ್ತಿ ಹಾಕಿದರೂ ಹಿಡಿತ ತಪ್ಪುವುದಿಲ್ಲ. ಬೋರ್ ಲೆಕ್ಕ ನಮ್ಮವರಿಗೆ ಹೊಸದಲ್ಲ. 12 ಬೋರ್ ಅಂದರೆ ಒಂದು ಪೌಂಡ್ ಸೀಸದಲ್ಲಿ ನಳಿಗೆಯ ಬಾಯಿಗೆ ಸರಿಯಾದ ಹನ್ನೆರಡು ಗುಂಡು. (ಕೇಪು ಬರಲು ದಾರಿ ಮಾಡಿದ, 1807ರಲ್ಲಿ ಪೇಟೆಂಟ್ ಪಡೆದ ಸ್ಕಾಟ್ಲೆಂಡಿನ ಪಾದ್ರಿಯ ಹೆಸರೂ ಫಾರ್ಸಿತ್, ಅಲೆಕ್ಸಾಂಡರ್ ಫಾರ್ಸಿತ್. ಇಬ್ಬರನ್ನೂ ಕಲಸಿಕೊಳ್ಳಬೇಡಿ.)

ಉದ್ದ ಗುಂಡಿನ ಕಥೆಯಲ್ಲಿ ನಮ್ಮ ಇತಿಹಾಸವೂ ಸಿಕ್ಕಿಕೊಂಡಿದೆ. 1853ರ ಎನ್‌ಫೀಲ್ಡ್ ರೈಫಲ್‌ನ ಗುಂಡು 530 ಗ್ರೇನ್ ತೂಕದ್ದು, ನಳಿಗೆಗೆ ಸಲೀಸಾಗಿ ಇಳಿಯುವಷ್ಟು ಸಣ್ಣದು. ಬುಡದಲ್ಲಿ ಗುಳಿ ಇತ್ತು. ಮದ್ದು ಉರಿದಾಗ ಆ ಬುಡ ಅರಳಿ ಗೀರನ್ನು ಕಚ್ಚುತ್ತಿತ್ತು. ಮದ್ದಿನ ಈಡು ಎರಡೂವರೆ ಡ್ರಾಮ್, ಅಂದರೆ 68 ಗ್ರೇನ್. ಮದ್ದು ಗುಂಡು ಎರಡನ್ನೂ ಕಾಗದದಲ್ಲಿ ಕಟ್ಟಿ, ಜಾರಲಿ ಅಂತ ಕೊಬ್ಬು ಸವರುತ್ತಿದ್ದರು. 1857ರಲ್ಲಿ ಸಿಪಾಯಿಗಳು ಬಾಯಿಗಿಡಲು ಒಪ್ಪದೆ ದೇಶವೇ ಹೊತ್ತಿಕೊಂಡದ್ದು ಆ ಕೊಬ್ಬಿನಿಂದ. ಗುಂಡಿಗೆ ಏನು ಸವರುತ್ತೀರಿ ಅನ್ನುವುದು ಸಣ್ಣ ಪ್ರಶ್ನೆಯಲ್ಲ ಅಂತ ನಾನು ಹುಡುಗನಿಗೆ ತಮಾಷೆ ಮಾಡಿದೆ. ಈಗ ಬಳಸುವವರು ಜೇನುಮೇಣ ಮತ್ತು ಕೊಬ್ಬು ಅಥವಾ ಗಿಡದ ಎಣ್ಣೆ ಬೆರೆಸುತ್ತಾರೆ. ಪೆಟ್ರೋಲಿಯಂ ಎಣ್ಣೆ ಕರಿಮದ್ದಿನ ಜೊತೆ ಸುಟ್ಟು ಡಾಂಬರಿನ ಹಾಗೆ ಅಂಟಿಕೊಳ್ಳುತ್ತದೆ.

ಹುಡುಕುವ ಕೆಲಸ

ಈಗ ಹುಡುಗನ ಪ್ರಶ್ನೆಗೆ ಬರೋಣ. ನಿಯಮ ಒಂದೇ: ಒಂದು ಸಲಕ್ಕೆ ಒಂದನ್ನೇ ಬದಲಾಯಿಸಬೇಕು. ಮದ್ದನ್ನೂ ಬಟ್ಟೆಯನ್ನೂ ಒಟ್ಟಿಗೆ ಬದಲಾಯಿಸಿ ಗುರಿ ಚೆನ್ನಾದರೆ ಪುಣ್ಯ ಯಾರದ್ದು ಅಂತ ಗೊತ್ತಾಗುವುದೇ ಇಲ್ಲ.

ಕಂಪನಿ ಮಾಡಿದ ಹೊಸ ರೈಫಲ್ ಆದರೆ ಎಷ್ಟು ಮದ್ದಿನ ಮೇಲೆ ಹೋಗಬಾರದು ಅಂತ ಅವರೇ ಬರೆದಿರುತ್ತಾರೆ. ಅದು ಗಡಿ, ದಾಟುವ ಹಾಗಿಲ್ಲ. ಶುರುಮಾಡಲು ರೂಢಿಯ ಲೆಕ್ಕ ಒಂದಿದೆ. ಬಾಯಿಯ ಅಳತೆ ಎಷ್ಟು ನೂರನೇ ಇಂಚೋ ಅಷ್ಟೇ ಗ್ರೇನ್. ಅರ್ಧ ಇಂಚು ಅಂದರೆ ನೂರರಲ್ಲಿ ಐವತ್ತು, ಹಾಗಾಗಿ 50 ಗ್ರೇನ್. ಮರಳುಚೀಲದ ಮೇಲೆ ಕೋವಿ ಇಟ್ಟು 25 ಯಾರ್ಡಿನಿಂದ ಐದು ಗುಂಡು. (ಗಜ ಅಂದರೆ ದೂರವೂ ಹೌದು, ಈಡು ತಳ್ಳುವ ಕೋಲೂ ಹೌದು. ಗೊಂದಲ ಬೇಡ ಅಂತ ದೂರಕ್ಕೆ ಯಾರ್ಡ್ ಅನ್ನುತ್ತೇನೆ.) ಆಮೇಲೆ ಐದು ಗ್ರೇನ್ ಏರಿಸಿ ಹೊಸ ಕಾಗದಕ್ಕೆ ಇನ್ನೈದು. ಮತ್ತೆ ಐದು ಗ್ರೇನ್. ನಂತರ ಇದನ್ನೇ 50 ಯಾರ್ಡಿನಲ್ಲಿ.

ಗುಂಡು ನಡುವಿನ ಚುಕ್ಕೆಗೆ ಬಿತ್ತಾ ಅಂತ ಈಗ ನೋಡಬಾರದು. ಐದೂ ಒಂದೇ ಕಡೆ ಗುಂಪಾದವಾ ಅಂತ ಮಾತ್ರ ನೋಡಬೇಕು. ಗುಂಪು ಎಡಕ್ಕೋ ಕೆಳಕ್ಕೋ ಇದ್ದರೆ ಪರವಾಗಿಲ್ಲ, ಅದನ್ನು ಆಮೇಲೆ ಎಳೆದು ತರಬಹುದು. ಹಿಂದಿನ ಗುರಿಕಂಡಿಯನ್ನು ಯಾವ ಕಡೆ ಸರಿಸಿದರೆ ಗುಂಡೂ ಆ ಕಡೆಗೇ ಸರಿಯುತ್ತದೆ. ಮುಂದಿನ ಗುರಿಮೊಳೆಯನ್ನು ಅರದಿಂದ ಉಜ್ಜಿ ತಗ್ಗಿಸಿದರೆ ಗುಂಡು ಮೇಲೆ ಬೀಳುತ್ತದೆ. ಅದಕ್ಕೇ ಹೊಸ ಕೋವಿಯಲ್ಲಿ ಆ ಮೊಳೆಯನ್ನು ಬೇಕೆಂದೇ ಎತ್ತರ ಬಿಟ್ಟಿರುತ್ತಾರೆ. ಅರ ಹಾಕುವ ಮುಂಚೆ ಎರಡು ಸಲ ಯೋಚಿಸಿ, ಉಜ್ಜಿದ್ದು ವಾಪಸ್ ಬರುವುದಿಲ್ಲ.

ಗೆಳೆಯನ ಒಂದು ರೈಫಲ್ 50 ಗ್ರೇನಿಗೆ ಅಂಗೈ ಅಗಲಕ್ಕೆ ಚೆಲ್ಲುತ್ತಿತ್ತು. 65ಕ್ಕೆ ಬಂದಾಗ ಐದೂ ತೂತು ಒಂದು ದೊಡ್ಡ ನಿಂಬೆಹಣ್ಣಿನ ಕೆಳಗೆ ಮುಚ್ಚಿಹೋಗುವಷ್ಟು ಹತ್ತಿರ. 80ಕ್ಕೆ ಮತ್ತೆ ಚದುರಿದವು. ಭುಜಕ್ಕೆ ಒದೆತ ಮಾತ್ರ ಚೆನ್ನಾಗಿ ಸಿಕ್ಕಿತು. ಮದ್ದು ಜಾಸ್ತಿಯಾದರೆ ಗುರಿ ಚೂಪಾಗುತ್ತದೆ ಅನ್ನುವ ನಂಬಿಕೆ ನಮ್ಮೂರಲ್ಲೂ ಇದೆ, ಅಲ್ಲೂ ಇತ್ತು. ಉರುಟು ಗುಂಡು ಗಾಳಿಯಲ್ಲಿ ಬೇಗ ಸುಸ್ತಾಗುವಂಥದ್ದು. ನೂರು ಯಾರ್ಡ್ ಹೋಗುವಷ್ಟರಲ್ಲಿ ವೇಗದ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಕಳೆದುಕೊಂಡಿರುತ್ತದೆ. ಜೋರಾಗಿ ಹೊರಟದ್ದು ಇನ್ನೂ ಜೋರಾಗಿ ಕಳೆದುಕೊಳ್ಳುತ್ತದೆ. ಹಾಗಾಗಿ ಮೇಲೆ ಸುರಿದ ಮದ್ದಿನ ಲಾಭ ದೂರಕ್ಕೆ ತಲುಪುವುದು ಸ್ವಲ್ಪವೇ.

ಹುಲ್ಲಿನಲ್ಲಿ ಬಿದ್ದ ಬಟ್ಟೆ

ಎಲ್ಲರೂ ಗುರಿಯ ಕಾಗದ ನೋಡಲು ಓಡುತ್ತಾರೆ. ಅನುಭವಸ್ಥರು ನಾಲ್ಕು ಹೆಜ್ಜೆ ನಡೆದು ಹುಲ್ಲಿನಲ್ಲಿ ಬಗ್ಗುತ್ತಾರೆ. ಗುಂಡಿನ ಜೊತೆ ಹೊರಬಂದ ಬಟ್ಟೆ ಕೋವಿಯ ಮುಂದೆ ಹತ್ತು ಹದಿನೈದು ಯಾರ್ಡಿನೊಳಗೆ ಬಿದ್ದಿರುತ್ತದೆ. ಇನ್ನೂ ಬಿಸಿ ಇರುತ್ತದೆ, ಗಂಧಕದ ವಾಸನೆ ಬರುತ್ತಿರುತ್ತದೆ. ಅದನ್ನು ಅಂಗೈ ಮೇಲೆ ಬಿಡಿಸಿ ನೋಡಬೇಕು.

ನಡುವೆ ಗುಂಡು ಕೂತಿದ್ದ ಜಾಗ ಉರುಟಾಗಿ ಕಪ್ಪಾಗಿದ್ದು, ಸುತ್ತ ಗೀರಿನ ಅಂಚು ಒತ್ತಿದ ಗುರುತು ಮಾಸಲಾಗಿ ಕಂಡು, ಅಂಚು ಸ್ವಲ್ಪ ಎಳೆ ಬಿಟ್ಟು ಬಟ್ಟೆ ಇಡಿಯಾಗಿದ್ದರೆ ಈಡು ಸರಿ ದಾರಿಯಲ್ಲಿದೆ. ಅಂಥದ್ದನ್ನು ಮತ್ತೊಮ್ಮೆ ಬಳಸಬಹುದೇನೋ ಅನ್ನಿಸುವಷ್ಟು ಗಟ್ಟಿಯಾಗಿರುತ್ತದೆ. ನಡುವೆಯೇ ಸುಟ್ಟು ತೂತಾಗಿದ್ದರೆ ಬಟ್ಟೆ ತೆಳ್ಳಗಾಯಿತು, ಇಲ್ಲವೇ ಸವರಿದ್ದು ಸಾಲದು, ಬಿಸಿಗಾಳಿ ಗುಂಡಿನ ಪಕ್ಕದಲ್ಲಿ ನುಸುಳುತ್ತಿದೆ. ಬ್ಲೇಡಿನಲ್ಲಿ ಕೊಯ್ದ ಹಾಗೆ ಸೀಳು ಇದ್ದರೆ ತಪ್ಪು ನಳಿಗೆಯದ್ದು. ಹೊಸ ಗೀರಿನ ಅಂಚು ಚೂಪಾಗಿದೆ, ಅಥವಾ ಗುಂಡು ತುರುಕುವಾಗ ಬಾಯಿಯ ಅಂಚೇ ಕೊಯ್ಯುತ್ತಿದೆ. ನಾಯಿ ಜಗಿದ ಹಾಗೆ ಚಿಂದಿಯಾಗಿದ್ದರೆ ಬಟ್ಟೆಯೇ ಸರಿಯಿಲ್ಲ. ಗೆಳೆಯನ ರೈಫಲ್ 50 ಗ್ರೇನಿಗೆ ಚೆಲ್ಲುತ್ತಿದ್ದಾಗ ಬಟ್ಟೆ ಇಡಿಯಾಗಿಯೇ ಸಿಗುತ್ತಿತ್ತು. ಹಾಗಾಗಿ ಬದಲಾಯಿಸಬೇಕಾದ್ದು ಮದ್ದು ಅಂತ ಗೊತ್ತಾಯಿತು. ಬಟ್ಟೆ ಚಿಂದಿಯಾಗಿದ್ದರೆ ಮದ್ದನ್ನು ಎಷ್ಟು ಏರಿಸಿ ಇಳಿಸಿದರೂ ಆ ದಿನ ವ್ಯರ್ಥ.

ಕಸ ಮತ್ತು ಥಂಡಿ

ಕರಿಮದ್ದು ಪೂರ್ತಿ ಹೊಗೆಯಾಗಿ ಹೋಗುವುದಿಲ್ಲ. ಅರ್ಧಕ್ಕಿಂತ ಜಾಸ್ತಿ ಗಟ್ಟಿ ಕಸವಾಗುತ್ತದೆ. ಕೆಲವು ಹೊಗೆಯ ಜೊತೆ ಹೊರಬಿದ್ದರೂ ಉಳಿದದ್ದು ನಳಿಗೆಗೆ ಮೆತ್ತಿಕೊಳ್ಳುತ್ತದೆ. ಮೊದಲ ಗುಂಡು ಸಲೀಸಾಗಿ ಇಳಿದರೆ ಐದನೆಯದಕ್ಕೆ ಗಜದ ಮೇಲೆ ಮೈಭಾರ ಹಾಕಬೇಕಾಗುತ್ತದೆ. ಅಂದರೆ ಪ್ರತಿ ಗುಂಡೂ ಬೇರೆ ಬೇರೆ ನಳಿಗೆಯಿಂದ ಹೊರಟ ಹಾಗೆ. ಅದಕ್ಕೇ ಪ್ರತಿ ಈಡಿನ ನಂತರ ಒದ್ದೆ ಬಟ್ಟೆಯಲ್ಲಿ ಒಮ್ಮೆ, ಒಣಗಿದ್ದರಲ್ಲಿ ಒಮ್ಮೆ ಒರೆಸುತ್ತಾರೆ.

ಬೇಟೆಗಾರರಿಗೆ ಇಲ್ಲಿ ಒಂದು ತೊಡಕು. ಪಂದ್ಯದವರಿಗೆ ಹತ್ತು ಗುಂಡು ಮುಖ್ಯ, ಬೇಟೆಗಾರನಿಗೆ ಮೊದಲನೆಯದೊಂದೇ. ಎಣ್ಣೆ ಸವರಿಟ್ಟ ನಳಿಗೆಯ ಮೊದಲ ಗುಂಡು ಗುಂಪಿನಿಂದ ಹೊರಗೆ ಬೀಳುವುದು ಸಾಮಾನ್ಯ. ಹಾಗಾಗಿ ಎಣ್ಣೆ ಪೂರ್ತಿ ಒರೆಸಿ, ಬರೀ ಕೇಪು ಸಿಡಿಸಿ ಕಿಂಡಿ ಒಣಗಿಸಿ, ಆಮೇಲೆ ತುಂಬಿದ ಮೊದಲ ಗುಂಡು ಎಲ್ಲಿ ಬೀಳುತ್ತದೆ ಅಂತ ಅವರು ಬೇರೆಬೇರೆ ದಿನ ನೋಡಿ ಬರೆದಿಟ್ಟುಕೊಳ್ಳುತ್ತಾರೆ.

ನಮ್ಮ ಹವೆಯಲ್ಲಿ ಈ ಕಸ ಇನ್ನೊಂದು ಆಟ ಆಡುತ್ತದೆ. ಅದು ಉಪ್ಪಿನ ಹಾಗೆ ನೀರು ಹೀರುವಂಥದ್ದು. ಕೈಲ್ ಮುಹೂರ್ತ ಬರುವುದು ಸೆಪ್ಟೆಂಬರ್ 3ಕ್ಕೆ, ಬೆಲ್ಟಿಗೂ ಚಪ್ಪಲಿಗೂ ಬೂಸ್ಟು ಹಿಡಿಯುವ ಕಾಲ. ಆ ಥಂಡಿಯಲ್ಲಿ ಕಸ ಮೆತ್ತಗೇ ಇರುತ್ತದೆ, ಒರೆಸಲು ಸುಲಭ. ಆದರೆ 'ನಾಳೆ ತೊಳೆದರಾಯಿತು' ಅಂತ ಬಿಟ್ಟರೆ ಬೆಳಿಗ್ಗೆ ನಳಿಗೆಯೊಳಗೆ ಕೆಂಪು ತುಕ್ಕು. ಬಿಸಿನೀರು, ಒಂದಿಷ್ಟು ಸೋಪು, ಆಮೇಲೆ ಚೆನ್ನಾಗಿ ಒಣಗಿಸಿ ಎಣ್ಣೆ. ಆವತ್ತೇ ಆಗಬೇಕು, ಊಟಕ್ಕೂ ಮುಂಚೆ.

ಗಜದ ಮೇಲಿನ ಕಚ್ಚು

ಒಂದು ಅವಮಾನದ ಕಥೆ ಹೇಳಬೇಕು. ಒಂದು ಶನಿವಾರ ಪಕ್ಕದವರ ಜೊತೆ ಹರಟುತ್ತಾ ಬಟ್ಟೆ ಇಟ್ಟು, ಗುಂಡು ತುರುಕಿ, ಗಜದಿಂದ ಬುಡದವರೆಗೆ ತಳ್ಳಿ, ಕೇಪು ಇಟ್ಟು, ಅದಕ್ಕೆ ಬಡಿಯುವ ಕುದುರೆ ಬಿಟ್ಟೆ. ಟಪ್ ಅಂದಿತು. ಮದ್ದು ಹಾಕುವುದನ್ನೇ ಮರೆತಿದ್ದೆ. ಸುತ್ತ ನಿಂತವರೆಲ್ಲ ಬಾಯ್ತುಂಬ ನಕ್ಕರು. ಗಜದ ತುದಿಗೆ ಸ್ಕ್ರೂ ಸಿಕ್ಕಿಸಿ, ಗುಂಡಿನ ಸೀಸಕ್ಕೆ ಕೊರೆದು ಎಳೆಯುವಷ್ಟರಲ್ಲಿ ಮಧ್ಯಾಹ್ನವಾಯಿತು.

ಇದರಲ್ಲಿ ಹೋಗುವುದು ಮಾನ ಮಾತ್ರ. ಪ್ರಾಣಕ್ಕೆ ಬರುವ ತಪ್ಪು ಇನ್ನೊಂದು. ಗುಂಡು ಮದ್ದಿಗೆ ತಾಗದೆ ನಡುದಾರಿಯಲ್ಲಿ ನಿಂತುಬಿಡುವುದು. ನಡುವೆ ಗಾಳಿ ಉಳಿದರೆ ನಳಿಗೆ ಅಲ್ಲೇ ಉಬ್ಬುತ್ತದೆ, ಇಲ್ಲವೇ ಒಡೆಯುತ್ತದೆ. ಗುರಿಯ ವಿಷಯಕ್ಕೂ ಗುಂಡು ಪ್ರತಿ ಸಲ ಅಷ್ಟೇ ಒತ್ತಡದಲ್ಲಿ ಮದ್ದಿನ ಮೇಲೆ ಕೂರಬೇಕು. ಇದಕ್ಕೆಲ್ಲ ಉಪಾಯ ಗಜದ ಮೇಲೆ ಎರಡು ಗುರುತು. ನಳಿಗೆ ಖಾಲಿ ಇದ್ದಾಗ ಗಜ ಬುಡದವರೆಗೆ ಇಳಿಯುತ್ತದೆ. ಆಗ ಮೂತಿಯ ಸಮಕ್ಕೆ ಒಂದು ಗುರುತು. ಸರಿಯಾದ ಈಡು ತುಂಬಿದಾಗ ಗಜ ಅಷ್ಟು ಇಳಿಯುವುದಿಲ್ಲ. ಆಗ ಮೂತಿಯ ಸಮಕ್ಕೆ ಇನ್ನೊಂದು. ಎರಡರ ನಡುವಿನ ದೂರವೇ ಈಡಿನ ಉದ್ದ. ಹಿಂದಿನವರು 'ನಾಲ್ಕು ಬೆರಳಿನ ಈಡು' ಅನ್ನುತ್ತಿದ್ದದ್ದು ಇದೇ ಲೆಕ್ಕ.

ಇಷ್ಟು ಹೇಳುವಷ್ಟರಲ್ಲಿ ಹುಡುಗ ಐನ್‌ಮನೆಯ ಕೋವಿಯ ಗಜವನ್ನು ಬಟ್ಟೆಯಲ್ಲಿ ಉಜ್ಜುತ್ತಿದ್ದವನು ನಿಲ್ಲಿಸಿದ. ಮರದ ಮೇಲೆ ಕೊಳೆ ತುಂಬಿಹೋಗಿದ್ದ ಎರಡು ಕಚ್ಚು. ಅದೇ ಗಜವನ್ನು ನಾನು ಚಿಕ್ಕಂದಿನಿಂದ ಒರೆಸಿದ್ದೇನೆ. ಸುಮ್ನೆ ಸವೆದ ಗುರುತು ಅಂದುಕೊಂಡಿದ್ದೆ. ಅವನು ಬೆರಳಿಟ್ಟು ನೋಡಿದ. ನಾಲ್ಕಕ್ಕೆ ಸ್ವಲ್ಪ ಕಮ್ಮಿ.

"ಮೊದಲು ತುಂಬಿದೆಯಾ ಇಲ್ಲವಾ ನೋಡು" ಅಂದೆ. ಕೇಪು ಕೂರುವ ನಿಪ್ಪಲ್ ಮೇಲೆ ಕೇಪು ಇಲ್ಲ ಅಂತ ನೋಡಿಕೊಂಡು, ಮೂತಿಯನ್ನು ಅಂಗಳದ ಕಡೆಗೆ ತಿರುಗಿಸಿ, ಮುಖ ಆಚೆ ಇಟ್ಟುಕೊಂಡು, ಗಜವನ್ನು ಮೆಲ್ಲಗೆ ಒಳಗೆ ಬಿಟ್ಟ. ಕೆಳಗಿನ ಕಚ್ಚು ಮೂತಿ ದಾಟಿ ಒಳಗೆ ಹೋಯಿತು. ಬುಡಕ್ಕೆ ತಾಗಿದ ಸದ್ದು ಟಣ್ ಅಂತ ಕೇಳಿಸಿತು. ಮೇಲಿನ ಕಚ್ಚು ಮೂತಿಗೆ ಸರಿಸಮ ನಿಂತಿತು.

ಖಾಲಿ. ಎಣ್ಣೆ ಸವರಿ ಒಳಗೆ ದೇವರ ಕೋಣೆಯಾದ ಕನ್ನಿ ಕೋಂಬರೆಯಲ್ಲಿ ಇಟ್ಟು ಬಂದ. ಪೂಜೆಯ ದಿನ ಕೋವಿಗೆ ಸಿಕ್ಕಿಸುವ ತೋಕ್ ಪೂ ಹೂವು ತರಲು ಬೆಳಿಗ್ಗೆ ಹೋಗಬೇಕಿತ್ತು, ಬೇಲಿಯ ಕಡೆ ಇನ್ನೂ ಅರಳಿರಲಿಲ್ಲ.